ತೀವ್ರ ಶ್ವಾಸಕ್ಲೇಶ ಲಕ್ಷಣಕೂಟ: ಗುರುತಿಸುವಿಕೆ ಮತ್ತು ಉಪಚಾರಗಳ ಇತಿಹಾಸ

೧. ಪೀಠಿಕೆ

ರಾಜವಂಶಗಳಿಗೂ ರಾಜ್ಯಗಳಿಗೂ ಇರುವಂತೆ ರೋಗಗಳಿಗೂ ಇತಿಹಾಸವುಂಟು. ಒಂದು ರೋಗಸ್ಥಿತಿಗೆ ಹೆಸರು ಬಂದುದು ಯಾವಾಗ, ಹೆಸರಿಲ್ಲದ ಕಾಲದಲ್ಲಿ ಅದನ್ನು ಏನೆಂದು ತಿಳಿಯಲಾಗುತ್ತಿತ್ತು, ಯಾವ ಸಾಕ್ಷ್ಯದ ಬಲದಿಂದ ಒಂದು ಉಪಚಾರವು ಸ್ವೀಕೃತವಾಯಿತು, ಯಾವ ಸಾಕ್ಷ್ಯದಿಂದ ಮತ್ತೊಂದು ತ್ಯಾಜ್ಯವಾಯಿತು ಎಂಬಿವು ಇತಿಹಾಸದ ಅಧ್ಯಾಪಕನು ಕೇಳಬಹುದಾದ, ಕೇಳಬೇಕಾದ ಪ್ರಶ್ನೆಗಳೇ ಆಗಿವೆ. ಪ್ರಕೃತ ಲೇಖನದಲ್ಲಿ ಅಂಥ ಒಂದು ರೋಗಸ್ಥಿತಿಯನ್ನು ಆಯ್ದುಕೊಂಡಿದೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ‘ಅಕ್ಯೂಟ್ ರೆಸ್ಪಿರೇಟರಿ ಡಿಸ್ಟ್ರೆಸ್ ಸಿಂಡ್ರೋಮ್’ ಎಂದೂ ಸಂಕ್ಷೇಪವಾಗಿ ‘ಎ.ಆರ್.ಡಿ.ಎಸ್.’ ಎಂದೂ ಹೆಸರು. ಕನ್ನಡದಲ್ಲಿ ಇದನ್ನು ‘ತೀವ್ರ ಶ್ವಾಸಕ್ಲೇಶ ಲಕ್ಷಣಕೂಟ’ ಎನ್ನಬಹುದು. ಅನುಕೂಲಕ್ಕಾಗಿ ಮುಂದೆ ‘ಶ್ವಾಸಕ್ಲೇಶ’ ಎಂದಷ್ಟೇ ಹೇಳಲಾಗುವುದು.

೨೦೨೦ ಮತ್ತು ೨೦೨೧ನೆಯ ವರ್ಷಗಳಲ್ಲಿ ಕೋವಿಡ್ ರೋಗದಿಂದ ಆಸ್ಪತ್ರೆಗಳಲ್ಲಿ ತೀರಿಕೊಂಡವರಲ್ಲಿ ಬಹುಮಂದಿ ಕೊನೆಗೆ ತಲುಪಿದ್ದುದು ಈ ಸ್ಥಿತಿಯನ್ನೇ. ಆದರೂ ಇದರ ಹೆಸರು ವಿದ್ಯಾವಂತರಲ್ಲಿಯೂ ಅಷ್ಟಾಗಿ ಬಳಕೆಗೆ ಬಂದಿಲ್ಲ. ಇದರ ಇತಿಹಾಸವನ್ನು ಪರಿಶೀಲಿಸಿದರೆ ಎರಡು ಸಂಗತಿಗಳು ವಿದಿತವಾಗುತ್ತವೆ. ಒಂದು, ಈ ರೋಗಸ್ಥಿತಿಯನ್ನು ಕಾಣಬೇಕಾದರೆ ಕಾಣುವ ಸಾಧನವೂ ಎಣಿಸುವ ನಿಯಮವೂ ಮೊದಲು ಬೇಕಾದುವು. ಅವು ಇಲ್ಲದೆಡೆ ರೋಗಿಗಳಿದ್ದರೂ ರೋಗವು ಲೆಕ್ಕಕ್ಕೆ ಬರಲಿಲ್ಲ. ಎರಡು, ಉಪಚಾರದ ಮುನ್ನಡೆಯು ಹೆಚ್ಚು ಮಾಡುವುದರಿಂದ ಬರದೆ, ಬಹುಪಾಲು ಕಡಮೆ ಮಾಡುವುದರಿಂದ ಬಂದಿತು. ಈ ಎರಡನ್ನೂ ವಿಶದಪಡಿಸುವುದೇ ಲೇಖನದ ಉದ್ದೇಶ. ಲೇಖಕನು ವೈದ್ಯನಲ್ಲ, ಇದು ಚಿಕಿತ್ಸೆಯ ಕೈಪಿಡಿಯೂ ಅಲ್ಲ.

೨. ರೋಗಸ್ಥಿತಿಯ ಸ್ವರೂಪ

ನಮ್ಮ ಶ್ವಾಸಕೋಶಗಳಲ್ಲಿ ಹತ್ತಾರು ಕೋಟಿ ಸಣ್ಣ ಗಾಳಿಗೂಡುಗಳಿವೆ. ಪ್ರತಿಯೊಂದು ಗೂಡಿನ ಸುತ್ತಲೂ ಅತಿ ಸೂಕ್ಷ್ಮವಾದ ರಕ್ತನಾಳಗಳ ಜಾಲವಿದೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆಯು ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳುವಾದುದು. ಆಮ್ಲಜನಕವು ರಕ್ತಕ್ಕೆ ಸೇರುವುದೂ ಇಂಗಾಲದ ಡೈಆಕ್ಸೈಡು ಹೊರಬೀಳುವುದೂ ಈ ಗೋಡೆಯ ಮೂಲಕವೇ. ಶ್ವಾಸಕ್ಲೇಶದಲ್ಲಿ ಈ ಗೋಡೆಯು ಉರಿಯೂತಕ್ಕೆ ಒಳಗಾಗಿ ಸೋರತೊಡಗುತ್ತದೆ. ರಕ್ತದಲ್ಲಿನ ನೀರೂ ಪ್ರೋಟೀನೂ ಗಾಳಿಗೂಡುಗಳಿಗೆ ಇಳಿಯುತ್ತವೆ. ಗೂಡುಗಳು ಮುದುಡದಂತೆ ಕಾಯುವ ಜಿಡ್ಡಿನ ಲೇಪವು ಕೆಡುತ್ತದೆ. ಹಲವು ಗೂಡುಗಳು ತುಂಬಿಹೋಗುತ್ತವೆ, ಹಲವು ಕುಸಿಯುತ್ತವೆ. ಅಂಥ ಭಾಗಗಳಲ್ಲಿ ಹರಿಯುವ ರಕ್ತವು ಗಾಳಿಯನ್ನು ಮುಟ್ಟದೆಯೇ ಹೃದಯಕ್ಕೆ ಹಿಂದಿರುಗುತ್ತದೆ. ಮುಖವಾಡದ ಮೂಲಕ ಎಷ್ಟು ಆಮ್ಲಜನಕವನ್ನು ಕೊಟ್ಟರೂ ರಕ್ತದಲ್ಲಿ ಅದರ ಪ್ರಮಾಣವು ತಕ್ಕಷ್ಟು ಏರದಿರುವುದಕ್ಕೆ ಇದೇ ಕಾರಣ.

ಹೃದಯದ ದೌರ್ಬಲ್ಯದಿಂದಲೂ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ಇವೆರಡರ ಭೇದವನ್ನು ನಮ್ಮ ಕೆರೆಗಳ ನಿದರ್ಶನದಿಂದ ಗ್ರಹಿಸಬಹುದು. ಹೃದಯವು ಸೋತಾಗ ಆಗುವುದು ಕೆರೆಯು ತುಂಬಿ ಕೋಡಿ ಬಿದ್ದಂತೆ. ಏರಿಯು ಗಟ್ಟಿಯಾಗಿಯೇ ಇದ್ದು, ನೀರಿನ ಒತ್ತಡವು ಹೆಚ್ಚಾಗಿರುತ್ತದೆ. ಶ್ವಾಸಕ್ಲೇಶದಲ್ಲಾದರೋ ಏರಿಯೇ ಶಿಥಿಲವಾಗಿ, ನೀರು ಕೆಳಮಟ್ಟದಲ್ಲಿದ್ದರೂ ಸೋರುತ್ತದೆ. ಹೊರಗೆ ನಿಂತು ಒದ್ದೆ ನೆಲವನ್ನು ಮಾತ್ರ ನೋಡುವವನಿಗೆ ಎರಡೂ ಒಂದೇ ಆಗಿ ತೋರುತ್ತವೆ. ಕ್ಷ-ಕಿರಣದ ಚಿತ್ರದಲ್ಲಿ ಎರಡೂ ಬಿಳಿಯ ಮೋಡದಂತೆ ಕಾಣುವುದರಿಂದ ವೈದ್ಯರಿಗೆ ಬರುವ ತೊಡಕೂ ಇದೇ ಬಗೆಯದು.

ಏರಿಯನ್ನು ಕೆಡಿಸುವ ಕಾರಣಗಳು ಅನೇಕ. ನ್ಯುಮೋನಿಯ, ಜಠರದಲ್ಲಿನ ಪದಾರ್ಥವು ಶ್ವಾಸನಾಳಕ್ಕೆ ಇಳಿಯುವುದು, ನೀರಿನಲ್ಲಿ ಮುಳುಗುವುದು ಮೊದಲಾದುವು ಶ್ವಾಸಕೋಶವನ್ನು ನೇರವಾಗಿ ತಾಕುತ್ತವೆ. ರಕ್ತಕ್ಕೇರಿದ ನಂಜು, ಭಾರಿ ಗಾಯಗಳು, ಮೇದೋಜೀರಕ ಗ್ರಂಥಿಯ ಉರಿಯೂತ, ಅತಿಯಾದ ರಕ್ತಪೂರಣ ಇವು ದೇಹದ ಬೇರೆಡೆಯಿಂದ ಹೊರಟು ಶ್ವಾಸಕೋಶವನ್ನು ಮುಟ್ಟುತ್ತವೆ. ನಮ್ಮ ದೇಶದಲ್ಲಿ ಇವುಗಳೊಡನೆ ಮಲೇರಿಯ, ಇಲಿಜ್ವರ, ಡೆಂಗ್ಯೂ, ಸ್ಕ್ರಬ್ ಟೈಫಸ್ ಇವನ್ನೂ ಸೇರಿಸಬೇಕು. ಮೂಲಕಾರಣವು ತಲೆದೋರಿದ ಒಂದು ವಾರದೊಳಗೆ, ಅನೇಕ ವೇಳೆ ಎರಡು ಮೂರು ದಿನಗಳಲ್ಲಿಯೇ, ರೋಗಿಯ ಉಸಿರು ವೇಗವಾಗುತ್ತದೆ, ಚಡಪಡಿಕೆ ಮೊದಲಾಗುತ್ತದೆ, ತುಟಿಗಳು ನೀಲಿಗಟ್ಟಬಹುದು, ಕೊಟ್ಟ ಆಮ್ಲಜನಕವು ಸಾಲದಾಗುತ್ತದೆ.

೩. ಹೆಸರಿಲ್ಲದ ಕಾಲ

ಫ್ರಾನ್ಸಿನ ವೈದ್ಯನಾದ ಲೆನೆಕ್ಕನು ೧೮೨೧ರಲ್ಲಿಯೇ, ಹೃದಯವು ಸೋಲದಿದ್ದರೂ ಶ್ವಾಸಕೋಶದಲ್ಲಿ ನೀರು ಸೇರುವ ಸ್ಥಿತಿಯೊಂದನ್ನು ವರ್ಣಿಸಿದ್ದನು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಲ್ಲಿ ಕಂಡುಬಂದ ಇಂಥ ಸ್ಥಿತಿಯನ್ನು ಸೈನ್ಯದ ವೈದ್ಯರು ‘ಒದ್ದೆ ಶ್ವಾಸಕೋಶ’ ಎಂದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ‘ಡಾ ನಾಂಗ್ ಶ್ವಾಸಕೋಶ’, ‘ಆಘಾತದ ಶ್ವಾಸಕೋಶ’ ಎಂಬ ಹೆಸರುಗಳು ಹುಟ್ಟಿದುವು. ಗಾಯದಿಂದ ಬಂದರೆ ಒಂದು ಹೆಸರು, ನಂಜಿನಿಂದ ಬಂದರೆ ಇನ್ನೊಂದು, ರಕ್ತಪೂರಣದಿಂದ ಬಂದರೆ ಮತ್ತೊಂದು ಎಂಬಂತೆ ಹೆಸರುಗಳು ಹೆಚ್ಚಿದುವೇ ಹೊರತು ಇವೆಲ್ಲ ಒಂದೇ ಎಂಬ ತಿಳಿವು ಮೂಡಲಿಲ್ಲ.

ಇದಕ್ಕೆ ಕಾರಣವು ವೈದ್ಯರ ಅಲಕ್ಷ್ಯವಲ್ಲ. ಹಿಂದೆ ಭಾರಿ ಗಾಯಗಳಾದವರು ರಕ್ತಸ್ರಾವದಿಂದಲೋ ಆಘಾತದಿಂದಲೋ ಕೆಲವು ಗಂಟೆಗಳಲ್ಲಿಯೇ ಸಾಯುತ್ತಿದ್ದರು. ಮೂರನೆಯ ದಿನದ ಶ್ವಾಸಕ್ಲೇಶವನ್ನು ಕಾಣುವ ಪರ್ಯಂತ ಅವರು ಬದುಕಿರುತ್ತಿರಲಿಲ್ಲ. ರಕ್ತಪೂರಣವು ಸುಲಭಸಾಧ್ಯವಾಗಿ ಅವರು ಮೊದಲ ದಿನವನ್ನು ದಾಟಿದ ಮೇಲೆಯೇ ಈ ಸ್ಥಿತಿಯು ಹೆಚ್ಚಾಗಿ ಕಣ್ಣಿಗೆ ಬಿದ್ದಿತು. ಅಂತೆಯೇ ರಕ್ತದಲ್ಲಿನ ಆಮ್ಲಜನಕವನ್ನು ಸುಲಭವಾಗಿ ಅಳೆಯುವ ವಿದ್ಯುದ್ವಾರಗಳು ಬಂದುದು ೧೯೫೦ರ ದಶಕದಲ್ಲಿ. ಮೂರನೆಯದಾಗಿ ಬೇಕಾಗಿದ್ದುದು ಉಸಿರು ಸೋತವನನ್ನು ದಿನಗಟ್ಟಲೆ ಉಳಿಸಿಕೊಳ್ಳುವ ವಿಧಾನ. ಅದು ಬಂದುದು ಬೇರೊಂದು ರೋಗದ ದೆಸೆಯಿಂದ.

೧೯೫೨ರಲ್ಲಿ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಪಿಡುಗು ತೀವ್ರವಾಗಿ ಹಬ್ಬಿತು. ಪೋಲಿಯೋದಲ್ಲಿ ಕೆಡುವುದು ಶ್ವಾಸಕೋಶವಲ್ಲ. ಉಸಿರಾಟದ ಸ್ನಾಯುಗಳು ಪಾರ್ಶ್ವವಾಯುವಿಗೆ ಸಿಕ್ಕುತ್ತವೆ. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ, ಹೊರಗಿನಿಂದ ಎದೆಯನ್ನು ಹಿಗ್ಗಿಸುವ ಹಳೆಯ ಬಗೆಯ ಯಂತ್ರಗಳಿಂದ ಉಪಚಾರ ಪಡೆದ ಮೊದಲ ೩೧ ಮಂದಿಯಲ್ಲಿ ೨೭ ಮಂದಿ ತೀರಿಕೊಂಡರು. ಆಗ ಅರಿವಳಿಕೆಯ ತಜ್ಞನಾದ ಬ್ಯೋರ್ನ್ ಇಬ್ಸೆನ್ ಎಂಬವನು ಕತ್ತಿನಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಅದುಮುತ್ತ ಗಾಳಿಯನ್ನು ಒಳಕ್ಕೆ ತಳ್ಳುವ ಕ್ರಮವನ್ನು ಸೂಚಿಸಿದನು. ಯಂತ್ರಗಳು ಸಾಲದ ಕಾರಣ ಸುಮಾರು ೧,೫೦೦ ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ರೋಗಿಗಳ ಬಳಿ ಕುಳಿತು ಹಗಲಿರುಳು ಚೀಲವನ್ನು ಅದುಮಿದರು. ಮರಣದ ಪ್ರಮಾಣವು ಬಹುಮಟ್ಟಿಗೆ ಇಳಿಯಿತು. ೧೯೫೩ರ ಡಿಸೆಂಬರಿನಲ್ಲಿ ಇಬ್ಸೆನ್ನನು ಅದೇ ನಗರದಲ್ಲಿ ತೆರೆದ ವಿಭಾಗವನ್ನು ಇಂದಿನ ತೀವ್ರ ನಿಗಾ ಘಟಕಗಳ ಆದಿಯೆಂದು ಎಣಿಸುವುದು ವಾಡಿಕೆ. ಕೈಯ ಕೆಲಸವನ್ನು ಮುಂದೆ ವೆಂಟಿಲೇಟರೆಂಬ ಶ್ವಾಸಯಂತ್ರವು ವಹಿಸಿಕೊಂಡಿತು.

೪. ಡೆನ್ವರಿನ ಹನ್ನೆರಡು ರೋಗಿಗಳು

ಹೀಗೆ ಸಾಧನಗಳು ಒದಗಿದ ತರುವಾಯ ಅಮೆರಿಕದ ಕೊಲೊರಾಡೊ ಸಂಸ್ಥಾನದ ಡೆನ್ವರ್ ನಗರದಲ್ಲಿ ನಿರ್ಣಾಯಕವಾದ ಅವಲೋಕನವು ನಡೆಯಿತು. ಆಶ್‌ಬಾ, ಬಿಗೆಲೋ, ಪೆಟ್ಟಿ, ಲೆವಿನ್ ಎಂಬ ನಾಲ್ವರು ವೈದ್ಯರು, ಶ್ವಾಸಯಂತ್ರದ ನೆರವು ಪಡೆದ ೨೭೨ ರೋಗಿಗಳಲ್ಲಿ ೧೨ ಮಂದಿ ಉಳಿದವರಿಗಿಂತ ಭಿನ್ನರೆಂಬುದನ್ನು ಗಮನಿಸಿದರು. ಈ ಹನ್ನೆರಡು ಮಂದಿಗೆ ಬಂದ ಮೂಲರೋಗವು ಒಂದಾಗಿರಲಿಲ್ಲ. ಏಳು ಮಂದಿಗೆ ಗಾಯ, ನಾಲ್ವರಿಗೆ ವೈರಾಣುವಿನ ಸೋಂಕು, ಒಬ್ಬರಿಗೆ ಮೇದೋಜೀರಕದ ಉರಿಯೂತ. ಆದರೆ ಮುಂದಿನ ಗತಿಯು ಎಲ್ಲರಲ್ಲಿಯೂ ಒಂದೇ: ಉಸಿರಿನ ವೇಗ, ಆಮ್ಲಜನಕಕ್ಕೆ ಬಗ್ಗದ ನೀಲಿಮೆ, ಬಿರುಸಾದ ಶ್ವಾಸಕೋಶ, ಚಿತ್ರದಲ್ಲಿ ಎರಡೂ ಕಡೆ ಹರಡಿದ ಬಿಳುಪು. ಏಳು ಮಂದಿ ತೀರಿಕೊಂಡರು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಕಾಣುವ ಶ್ವಾಸಕ್ಲೇಶದ ಕುರುಹುಗಳನ್ನು ಹೋಲುವ ಕುರುಹುಗಳು ಇವರ ಶ್ವಾಸಕೋಶಗಳಲ್ಲಿ ದೊರೆತುವು. ಅಂಥ ಕೂಸುಗಳಲ್ಲಿ ಮೇಲೆ ಹೇಳಿದ ಜಿಡ್ಡಿನ ಲೇಪದ ಕೊರತೆಯಿರುವುದನ್ನು ಆವರಿ ಮತ್ತು ಮೀಡ್ ಎಂಬವರು ೧೯೫೯ರಲ್ಲಿಯೇ ತೋರಿಸಿದ್ದರು.

ಈ ವರದಿಯು ೧೯೬೭ರ ಆಗಸ್ಟಿನಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಸಿರು ಹೊರಬಿಟ್ಟ ಕೊನೆಯಲ್ಲಿಯೂ ಶ್ವಾಸನಾಳದಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿದರೆ ಗಾಳಿಗೂಡುಗಳು ಮುಚ್ಚಿಕೊಳ್ಳದೆ ಆಮ್ಲಜನಕವು ಉತ್ತಮಗೊಳ್ಳುವುದೆಂದೂ ಅದರಲ್ಲಿ ಹೇಳಿತ್ತು. ವೈದ್ಯರು ‘ಪೀಪ್’ ಎಂದು ಕರೆಯುವ ಈ ಕ್ರಮವು ಇಂದಿಗೂ ಉಪಚಾರದ ಒಂದು ಆಧಾರಸ್ತಂಭ. ೧೯೭೧ರಲ್ಲಿ ಪೆಟ್ಟಿ ಮತ್ತು ಆಶ್‌ಬಾ ಇದಕ್ಕೆ ‘ವಯಸ್ಕರ ಶ್ವಾಸಕ್ಲೇಶ ಲಕ್ಷಣಕೂಟ’ ಎಂದು ಹೆಸರಿಟ್ಟರು. ಹಲವು ಕಾರಣಗಳ ಹಿಂದೆ ಒಂದೇ ಗತಿಯನ್ನು ಕಂಡುದೇ ಈ ಹನ್ನೆರಡು ರೋಗಿಗಳ ವರದಿಯ ಮಹತ್ತ್ವ.

೫. ಲಕ್ಷಣದ ನಿರ್ಣಯ

ಹೆಸರು ಬಂದ ಮಾತ್ರಕ್ಕೆ ಎಣಿಕೆಯು ಸಾಧ್ಯವಾಗಲಿಲ್ಲ. ಯಾರನ್ನು ಈ ಹೆಸರಿನಲ್ಲಿ ಸೇರಿಸಬೇಕೆಂಬುದು ಊರಿಂದೂರಿಗೆ ಬೇರೆಯಾಗಿತ್ತು. ೧೯೯೪ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರು ಕೂಡಿ ಒಂದು ಲಕ್ಷಣವನ್ನು ನಿಗದಿಮಾಡಿದರು. ಮಕ್ಕಳಿಗೂ ಈ ಸ್ಥಿತಿ ಬರುವುದರಿಂದ ‘ವಯಸ್ಕರ’ ಎಂಬುದನ್ನು ಬಿಟ್ಟು ‘ತೀವ್ರ’ ಎಂಬ ವಿಶೇಷಣವನ್ನು ಉಳಿಸಿಕೊಂಡರು. ೨೦೧೨ರಲ್ಲಿ ಇದನ್ನು ತಿದ್ದಿ ‘ಬರ್ಲಿನ್ ಲಕ್ಷಣ’ವನ್ನು ರೂಪಿಸಲಾಯಿತು. ಅದರ ಪ್ರಕಾರ ನಾಲ್ಕು ಅಂಶಗಳು ಕೂಡಬೇಕು. ಮೂಲಕಾರಣದಿಂದ ಒಂದು ವಾರದೊಳಗೆ ಸ್ಥಿತಿಯು ಮೊದಲಾಗಿರಬೇಕು. ಚಿತ್ರದಲ್ಲಿ ಎರಡು ಶ್ವಾಸಕೋಶಗಳಲ್ಲಿಯೂ ಬಿಳುಪು ಕಾಣಬೇಕು. ಹೃದಯದ ಸೋಲಿನಿಂದ ಅಥವಾ ದ್ರವದ ಆಧಿಕ್ಯದಿಂದ ಮಾತ್ರವೇ ಅದು ಆಯಿತೆನ್ನಲು ಬರಬಾರದು. ಆಮ್ಲಜನಕದ ಕೊರತೆಯು ಅಳತೆಗೆ ಸಿಕ್ಕಬೇಕು.

ಕೊನೆಯ ಅಂಶವನ್ನು ಹೀಗೆ ಗಣಿಸುತ್ತಾರೆ. ಅಪಧಮನಿಯ ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು, ರೋಗಿಯು ಸೇದುವ ಗಾಳಿಯಲ್ಲಿ ಆಮ್ಲಜನಕವಿರುವ ಅಂಶದಿಂದ ಭಾಗಿಸಬೇಕು. ನಾವು ಸೇದುವ ಸಹಜವಾದ ಗಾಳಿಯಲ್ಲಿ ಆ ಅಂಶ ೦.೨೧, ಆರೋಗ್ಯವಂತನಲ್ಲಿ ಭಾಗಲಬ್ಧವು ೪೦೦ಕ್ಕೆ ಮೇಲ್ಪಟ್ಟಿರುತ್ತದೆ. ಶೇಕಡ ೬೦ ಆಮ್ಲಜನಕವನ್ನು ಸೇದುತ್ತಿದ್ದರೂ ರಕ್ತದಲ್ಲಿ ಒತ್ತಡವು ೭೨ ಇರುವ ರೋಗಿಯಲ್ಲಿ ಅದು ೧೨೦ಕ್ಕೆ ಇಳಿದಿರುತ್ತದೆ. ಪೀಪ್ ಒತ್ತಡವು ಕನಿಷ್ಠ ೫ ಸೆಂಟಿಮೀಟರು ನೀರಿನಷ್ಟು ಇರುವಾಗ ಈ ಸಂಖ್ಯೆಯು ೨೦೦ರಿಂದ ೩೦೦ರವರೆಗೆ ಇದ್ದರೆ ಸೌಮ್ಯ, ೧೦೦ರಿಂದ ೨೦೦ರವರೆಗೆ ಇದ್ದರೆ ಮಧ್ಯಮ, ೧೦೦ ಅಥವಾ ಅದಕ್ಕೂ ಕೆಳಗಿದ್ದರೆ ಉಗ್ರ. ಲಕ್ಷಣವನ್ನು ರೂಪಿಸಿದಾಗ ಪರಿಶೀಲಿಸಿದ ರೋಗಿಗಳಲ್ಲಿ ಈ ಮೂರು ದರ್ಜೆಗಳ ಮರಣಪ್ರಮಾಣವು ಅನುಕ್ರಮವಾಗಿ ಶೇಕಡ ೨೭, ೩೨ ಮತ್ತು ೪೫ ಆಗಿದ್ದಿತು. ‘ಸೌಮ್ಯ’ವೆಂಬ ಶಬ್ದವನ್ನು ಇಲ್ಲಿ ಬಹಳ ಎಚ್ಚರದಿಂದ ಓದಬೇಕು.

೬. ಯಂತ್ರದಿಂದಾಗುವ ಹಾನಿ

ಈಗ ಉಪಚಾರದ ಇತಿಹಾಸಕ್ಕೆ ಬರೋಣ. ಕೆಟ್ಟ ಶ್ವಾಸಕೋಶಕ್ಕೆ ದೊಡ್ಡ ಉಸಿರನ್ನು ಕೊಡಬೇಕೆಂಬುದು ಬಹುಕಾಲದ ನಂಬಿಕೆಯಾಗಿದ್ದಿತು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೧೦ರಿಂದ ೧೫ ಮಿಲಿಲೀಟರು ಗಾಳಿಯನ್ನು ಪ್ರತಿಯೊಂದು ಉಸಿರಿನಲ್ಲಿಯೂ ತಳ್ಳುವುದು ರೂಢಿ. ರಕ್ತದ ಪರೀಕ್ಷೆಯಲ್ಲಿ ಆಮ್ಲಜನಕವೂ ಇಂಗಾಲದ ಡೈಆಕ್ಸೈಡೂ ಸಹಜಮಟ್ಟಕ್ಕೆ ಬಂದುದನ್ನು ಕಂಡು ವೈದ್ಯರು ತೃಪ್ತರಾಗುತ್ತಿದ್ದರು.

ಇದನ್ನು ಶಂಕಿಸುವುದಕ್ಕೆ ಆಧಾರಗಳು ಕ್ರಮೇಣ ಕೂಡಿದುವು. ೧೯೭೪ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬವರು ಆರೋಗ್ಯವಾದ ಇಲಿಗಳಿಗೆ ಅತಿ ಹೆಚ್ಚಿನ ಒತ್ತಡದಿಂದ ಗಾಳಿಯನ್ನು ಕೊಟ್ಟಾಗ ಒಂದು ಗಂಟೆಯೊಳಗೇ ಅವುಗಳ ಶ್ವಾಸಕೋಶಗಳು ನೀರಿನಿಂದ ತುಂಬಿದುವು. ೧೯೮೦ರ ದಶಕದಲ್ಲಿ ಇಟಲಿಯ ಗಟ್ಟಿನೋನಿಯು ಸಿ.ಟಿ. ಚಿತ್ರಗಳ ಸಹಾಯದಿಂದ ಒಂದು ಮುಖ್ಯ ಸಂಗತಿಯನ್ನು ತೋರಿಸಿದನು. ಶ್ವಾಸಕ್ಲೇಶದಲ್ಲಿ ಶ್ವಾಸಕೋಶವೆಲ್ಲ ಒಂದೇ ಸಮನಾಗಿ ಬಿರುಸಾಗಿರುವುದಿಲ್ಲ. ಬಹುಭಾಗವು ಮುಚ್ಚಿಹೋಗಿ, ಗಾಳಿಯಾಡಲು ಉಳಿದಿರುವ ಭಾಗವು ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟು ಮಾತ್ರ. ಇದನ್ನು ಆತನು ‘ಕೂಸಿನ ಶ್ವಾಸಕೋಶ’ ಎಂದನು. ವಯಸ್ಕನ ಪ್ರಮಾಣದ ಉಸಿರನ್ನು ಇಷ್ಟು ಸಣ್ಣ ಭಾಗಕ್ಕೆ ತುಂಬಿದರೆ ಅದು ಹಿಗ್ಗಿ ಹರಿಯುವುದೂ ಹೊಸದಾಗಿ ಸೋರುವುದೂ ಸಹಜ. ೧೯೯೦ರಲ್ಲಿ ನ್ಯೂಜಿಲೆಂಡಿನ ಹಿಕ್ಲಿಂಗ್ ಮತ್ತು ಆತನ ಸಂಗಡಿಗರು, ಇಂಗಾಲದ ಡೈಆಕ್ಸೈಡು ತುಸು ಏರಿದರೂ ಸಹಿಸಿಕೊಂಡು ಸಣ್ಣ ಉಸಿರನ್ನೇ ಕೊಟ್ಟ ರೋಗಿಗಳ ವರದಿಯನ್ನು ಪ್ರಕಟಿಸಿದರು. ೧೯೯೮ರಲ್ಲಿ ಬ್ರೆಜಿಲಿನ ಅಮಾಟೊ ಮೊದಲಾದವರು ೫೩ ರೋಗಿಗಳಲ್ಲಿ ಇಂಥ ಕ್ರಮದ ಲಾಭವನ್ನು ತೋರಿಸಿದರು.

ವಿವಾದವನ್ನು ತೀರಿಸಿದುದು ಅಮೆರಿಕದ ಹತ್ತು ಕೇಂದ್ರಗಳಲ್ಲಿ ನಡೆದು ೨೦೦೦ದಲ್ಲಿ ಪ್ರಕಟವಾದ ಪ್ರಯೋಗ. ೮೬೧ ರೋಗಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಪ್ರತಿ ಕಿಲೋಗ್ರಾಮಿಗೆ ೧೨ ಮಿಲಿಲೀಟರಿನಂತೆಯೂ ಇನ್ನೊಂದಕ್ಕೆ ೬ ಮಿಲಿಲೀಟರಿನಂತೆಯೂ ಉಸಿರನ್ನು ಕೊಡಲಾಯಿತು. ಮೊದಲನೆಯದರಲ್ಲಿ ಶೇಕಡ ೩೯.೮ ಮಂದಿಯೂ ಎರಡನೆಯದರಲ್ಲಿ ಶೇಕಡ ೩೧ ಮಂದಿಯೂ ತೀರಿಕೊಂಡರು. ವ್ಯತ್ಯಾಸವು ನಿಸ್ಸಂದೇಹವಾದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು.

ಇತಿಹಾಸದ ವಿದ್ಯಾರ್ಥಿಯು ಇದರಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕವು ಉತ್ತಮವಾಗಿ ಕಂಡುದು ದೊಡ್ಡ ಉಸಿರಿನ ಗುಂಪಿನಲ್ಲಿಯೇ. ಹಾಸಿಗೆಯ ಪಕ್ಕದಲ್ಲಿ ನಿಂತು ದಿನದಿನದ ಅಂಕೆಯನ್ನು ಮಾತ್ರ ನೋಡುವ ವೈದ್ಯನಿಗೆ, ಹೆಚ್ಚು ಸಾವನ್ನು ತರುವ ಕ್ರಮವೇ ಮೇಲಾಗಿ ತೋರುತ್ತಿದ್ದಿತು. ಆತನ ಕಣ್ಣು ತಪ್ಪಿರಲಿಲ್ಲ, ಅಂಕೆಯೂ ಸುಳ್ಳಾಗಿರಲಿಲ್ಲ. ಆದರೆ ಆ ಅಂಕೆಯು ಯಾವ ವಿಷಯಕ್ಕೆ ಸಾಕ್ಷಿಯೆಂದು ಭಾವಿಸಲಾಗಿದ್ದಿತೋ ಆ ವಿಷಯಕ್ಕೆ ಅದು ಸಾಕ್ಷಿಯಾಗಿರಲಿಲ್ಲ. ಶಾಸನದಲ್ಲಿನ ಬಿರುದಾವಳಿಯಿಂದ ರಾಜ್ಯದ ವಿಸ್ತಾರವನ್ನು ನಿರ್ಧರಿಸುವವನು ಇಂಥದೇ ಅಪಾಯಕ್ಕೆ ಒಳಗಾಗುತ್ತಾನೆ.

ಈ ಕ್ರಮದಲ್ಲಿ ಹೊಸ ಯಂತ್ರವೇನೂ ಬೇಕಿಲ್ಲ. ಬೇಕಾದುದು ಅಳತೆಯ ಟೇಪು. ಮನುಷ್ಯನು ಸ್ಥೂಲನಾದರೆ ಶ್ವಾಸಕೋಶವು ಬೆಳೆಯುವುದಿಲ್ಲ. ಅದರ ಗಾತ್ರವು ಎತ್ತರವನ್ನು ಅನುಸರಿಸುತ್ತದೆ. ಆದಕಾರಣ ಉಸಿರಿನ ಪ್ರಮಾಣವನ್ನು ತಕ್ಕಡಿಯ ತೂಕದಿಂದಲ್ಲದೆ, ಎತ್ತರದಿಂದ ಗಣಿಸಿದ ತೂಕದಿಂದ ನಿರ್ಧರಿಸಬೇಕು. ೧೭೦ ಸೆಂಟಿಮೀಟರು ಎತ್ತರದ ಗಂಡಸಿಗೆ ಈ ಗಣಿತದ ತೂಕ ೬೬ ಕಿಲೋಗ್ರಾಂ. ೬ ಮಿಲಿಲೀಟರಿನ ಲೆಕ್ಕದಲ್ಲಿ ಆತನ ಉಸಿರು ಸುಮಾರು ೪೦೦ ಮಿಲಿಲೀಟರು. ೧೫೫ ಸೆಂಟಿಮೀಟರು ಎತ್ತರದ ಹೆಂಗಸಿಗೆ ಅದು ಸುಮಾರು ೨೯೦ ಮಾತ್ರ. ಆಕೆಯು ತಕ್ಕಡಿಯಲ್ಲಿ ೭೫ ಕಿಲೋಗ್ರಾಂ ತೂಗುವಳೆಂದು ಅದೇ ಲೆಕ್ಕ ಹಿಡಿದರೆ ೪೫೦ ಮಿಲಿಲೀಟರು ಕೊಟ್ಟಂತಾಗುವುದು; ಆಕೆಯ ಶ್ವಾಸಕೋಶಕ್ಕೆ ಅದು ಅರ್ಧಕ್ಕೂ ಮಿಕ್ಕಿ ಅಧಿಕ. ಕುಳ್ಳಾದವರಿಗೆ, ಅವರಲ್ಲಿಯೂ ಹೆಂಗಸರಿಗೆ, ಈ ಅಪಾಯವು ಹೆಚ್ಚು.

೭. ಮಗುಚಿ ಮಲಗಿಸುವಿಕೆ ಮತ್ತು ಇತರ ಕ್ರಮಗಳು

ಅಂಗಾತ ಮಲಗಿದ ರೋಗಿಯಲ್ಲಿ ಹೃದಯದ ಭಾರವೂ ನೀರುತುಂಬಿದ ಶ್ವಾಸಕೋಶದ ಭಾರವೂ ಬೆನ್ನಿನ ಕಡೆಯ ಗಾಳಿಗೂಡುಗಳನ್ನು ಅದುಮುತ್ತವೆ. ಬೋರಲಾಗಿ ಮಲಗಿಸಿದರೆ ಭಾರವು ಹಂಚಿಹೋಗಿ ಮುಚ್ಚಿದ ಗೂಡುಗಳು ತೆರೆಯುತ್ತವೆ. ೧೯೭೦ರ ದಶಕದಲ್ಲಿಯೇ ಇದರಿಂದ ಆಮ್ಲಜನಕವು ಏರುವುದು ತಿಳಿದಿದ್ದಿತು. ಆದರೆ ೨೦೦೧ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ಆಮ್ಲಜನಕವು ಏರಿದರೂ ಬದುಕಿದವರ ಸಂಖ್ಯೆಯು ಏರಲಿಲ್ಲ. ಅಲ್ಲಿ ರೋಗಿಗಳನ್ನು ದಿನಕ್ಕೆ ಸುಮಾರು ಏಳು ಗಂಟೆ ಮಾತ್ರ ಬೋರಲು ಮಲಗಿಸಲಾಗಿತ್ತು. ೨೦೧೩ರಲ್ಲಿ ಫ್ರಾನ್ಸಿನ ಗೆರೆನ್ ಮೊದಲಾದವರು, ಮೇಲೆ ಹೇಳಿದ ಭಾಗಲಬ್ಧವು ೧೫೦ಕ್ಕಿಂತ ಕೆಳಗಿದ್ದ ೪೬೬ ರೋಗಿಗಳನ್ನು ಆಯ್ದು, ಒಂದು ಗುಂಪನ್ನು ಒಂದು ಸಲಕ್ಕೆ ಕನಿಷ್ಠ ೧೬ ಗಂಟೆಗಳ ಕಾಲ ಬೋರಲು ಮಲಗಿಸಿದರು. ೨೮ ದಿನಗಳಲ್ಲಿ ಈ ಗುಂಪಿನ ಮರಣಪ್ರಮಾಣವು ಶೇಕಡ ೧೬. ಅಂಗಾತ ಮಲಗಿಸಿದವರಲ್ಲಿ ೩೨.೮. ಇಲ್ಲಿಯೂ ಯಂತ್ರಕ್ಕಿಂತ ಕೈಗಳೇ ಮುಖ್ಯ. ಕೊಳವೆ ಕಳಚದಂತೆ, ಮುಖಕ್ಕೂ ಎದೆಗೂ ಒತ್ತುಹುಣ್ಣಾಗದಂತೆ ರೋಗಿಯನ್ನು ಹೊರಳಿಸುವುದಕ್ಕೆ ಪಳಗಿದ ನಾಲ್ಕೈದು ಮಂದಿ ಬೇಕು.

ದ್ರವದ ವಿಷಯದಲ್ಲಿಯೂ ಮಿತವೇ ಮೇಲೆಂದು ತಿಳಿಯಿತು. ಶಿಥಿಲವಾದ ಏರಿಯ ಹಿಂದೆ ನೀರನ್ನು ಏರಿಸಿದರೆ ಸೋರಿಕೆ ಹೆಚ್ಚುವುದಷ್ಟೆ. ೨೦೦೬ರಲ್ಲಿ ಪ್ರಕಟವಾದ, ೧,೦೦೦ ರೋಗಿಗಳ ಪ್ರಯೋಗದಲ್ಲಿ, ಆಘಾತವು ಕಳೆದ ಮೇಲೆ ದ್ರವವನ್ನು ಮಿತಗೊಳಿಸಿದವರ ಮರಣವು ಗಣನೀಯವಾಗಿ ಇಳಿಯದಿದ್ದರೂ ಅವರು ಶ್ವಾಸಯಂತ್ರದಿಂದ ಬೇಗನೆ ಬಿಡುಗಡೆ ಹೊಂದಿದರು. ಔಷಧಗಳಲ್ಲಿ ಡೆಕ್ಸಾಮೆಥಸೋನನ್ನು ಹೆಸರಿಸಬೇಕು. ೨೦೨೦ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ, ಶ್ವಾಸಯಂತ್ರದ ಮೇಲಿದ್ದ ಕೋವಿಡ್ ರೋಗಿಗಳ ಮರಣವು ಇದರಿಂದ ಶೇಕಡ ೪೧.೪ರಿಂದ ೨೯.೩ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಲಾಭವು ಕಾಣಲಿಲ್ಲ. ಇದರ ಹೊರತು, ಸೋರುವ ಗೋಡೆಯನ್ನು ನೇರವಾಗಿ ಸರಿಪಡಿಸುವ ಮದ್ದು ದೊರೆತಿಲ್ಲ. ಮೂಲರೋಗಕ್ಕೆ ಚಿಕಿತ್ಸೆ ಮಾಡುತ್ತ, ಶ್ವಾಸಕೋಶವು ತಾನಾಗಿ ಮಾಯುವ ತನಕ ಅದಕ್ಕೆ ಇನ್ನಷ್ಟು ಗಾಯವಾಗದಂತೆ ಕಾಯುವುದೇ ಉಪಚಾರದ ಸಾರ. ಹೀಗೆ ಬದುಕಿದವರ ಕಥೆಯೂ ಆಸ್ಪತ್ರೆಯ ಬಾಗಿಲಿಗೆ ಮುಗಿಯುವುದಿಲ್ಲ. ೨೦೦೩ರಲ್ಲಿ ಪ್ರಕಟವಾದ ಟೊರಾಂಟೊ ನಗರದ ಅಧ್ಯಯನದಲ್ಲಿ, ೧೦೯ ಮಂದಿಯಲ್ಲಿ ವರ್ಷವೊಂದು ಕಳೆದ ಮೇಲೂ ಸ್ನಾಯುಗಳ ನಿಶ್ಶಕ್ತಿಯು ಉಳಿದಿದ್ದಿತು. ಕೆಲಸಕ್ಕೆ ಮರಳಿದ್ದವರು ಅರ್ಧದಷ್ಟು ಮಂದಿ.

೮. ತಿಳಿವಿಗೂ ನಡೆವಳಿಕೆಗೂ ನಡುವಣ ಅಂತರ

ಇಷ್ಟೆಲ್ಲ ತಿಳಿದ ಬಳಿಕ ಆಚರಣೆಯು ಹೇಗಿದೆ? ೨೦೧೪ರಲ್ಲಿ ೫೦ ದೇಶಗಳ ೪೫೯ ತೀವ್ರ ನಿಗಾ ಘಟಕಗಳಲ್ಲಿ ನಾಲ್ಕು ವಾರಗಳ ಸಮೀಕ್ಷೆ ನಡೆದು, ೨೦೧೬ರಲ್ಲಿ ಅದರ ಫಲಿತಾಂಶವು ಪ್ರಕಟವಾಯಿತು. ಘಟಕಗಳಿಗೆ ಸೇರಿದ ೨೯,೧೪೪ ರೋಗಿಗಳಲ್ಲಿ ಶೇಕಡ ೧೦.೪ ಮಂದಿಗೆ ಶ್ವಾಸಕ್ಲೇಶವಿದ್ದಿತು. ಆದರೆ ಶ್ವಾಸಯಂತ್ರದ ಮೇಲಿದ್ದ ಇಂಥವರಲ್ಲಿ ವೈದ್ಯರು ಸ್ಥಿತಿಯನ್ನು ಗುರುತಿಸಿದ್ದುದು ಶೇಕಡ ೬೦ರಷ್ಟರಲ್ಲಿ ಮಾತ್ರ. ಸೌಮ್ಯ ದರ್ಜೆಯಲ್ಲಿ ಕೇವಲ ಶೇಕಡ ೫೧. ಉಗ್ರ ದರ್ಜೆಯವರಲ್ಲಿ ಬೋರಲು ಮಲಗಿಸಿದ್ದುದು ಶೇಕಡ ೧೬ ಮಂದಿಯನ್ನು. ಲಕ್ಷಣವನ್ನು ಬರೆದಿಟ್ಟು ಎರಡು ವರ್ಷಗಳಾಗಿದ್ದರೂ, ಸಾಧನಸಂಪನ್ನವಾದ ಘಟಕಗಳಲ್ಲಿಯೇ ಐವರಲ್ಲಿ ಇಬ್ಬರ ಸ್ಥಿತಿಗೆ ಹೆಸರು ಸಿಕ್ಕಲಿಲ್ಲ.

ಸಾಧನಗಳಿಲ್ಲದ ಕಡೆಯ ಸಂಗತಿಯು ಇನ್ನೂ ಗಂಭೀರವಾದುದು. ಬರ್ಲಿನ್ ಲಕ್ಷಣಕ್ಕೆ ಶ್ವಾಸಯಂತ್ರವೂ ಕ್ಷ-ಕಿರಣವೂ ಅಪಧಮನಿಯ ರಕ್ತಪರೀಕ್ಷೆಯೂ ಬೇಕು. ಆಫ್ರಿಕದ ರುವ್ಯಾಂಡ ದೇಶದ ರಾಜಧಾನಿಯಾದ ಕಿಗಾಲಿಯಲ್ಲಿ ಕೆಲವು ವೈದ್ಯರು ಇದನ್ನು ಮಾರ್ಪಡಿಸಿದರು. ರಕ್ತಪರೀಕ್ಷೆಗೆ ಬದಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನೂ ಕ್ಷ-ಕಿರಣಕ್ಕೆ ಬದಲು ಅಲ್ಟ್ರಾಸೌಂಡನ್ನೂ ಒಪ್ಪಿ, ಶ್ವಾಸಯಂತ್ರದ ನಿಬಂಧನೆಯನ್ನು ಕೈಬಿಟ್ಟರು. ಆರು ವಾರಗಳಲ್ಲಿ ಪರಿಶೀಲಿಸಿದ ೧,೦೪೬ ವಯಸ್ಕರಲ್ಲಿ ೪೨ ಮಂದಿಗೆ ಶ್ವಾಸಕ್ಲೇಶವಿದ್ದುದು ತಿಳಿದುಬಂದಿತು. ಅವರಲ್ಲಿ ಅರ್ಧದಷ್ಟು ಮಂದಿ ತೀರಿಕೊಂಡರು. ೨೦೧೬ರಲ್ಲಿ ಪ್ರಕಟವಾದ ಈ ವರದಿಯ ಒಂದು ವಾಕ್ಯವು ಎಲ್ಲಕ್ಕಿಂತ ಮುಖ್ಯವಾದುದು: ಬರ್ಲಿನ್ ಲಕ್ಷಣವನ್ನೇ ಅನ್ವಯಿಸಿದ್ದರೆ ಅಲ್ಲಿ ದೊರೆಯುತ್ತಿದ್ದ ರೋಗಿಗಳ ಸಂಖ್ಯೆ ಸೊನ್ನೆ. ದಾಖಲೆಯಲ್ಲಿ ಇಲ್ಲವೆಂದರೆ ನಡೆದೇ ಇಲ್ಲವೆಂದಲ್ಲ ಎಂದು ನಾವು ತರಗತಿಗಳಲ್ಲಿ ಹೇಳುತ್ತೇವೆ. ಇದಕ್ಕಿಂತ ಕಟುವಾದ ನಿದರ್ಶನವು ದುರ್ಲಭ.

ಕೋವಿಡ್ ಪಿಡುಗಿನ ಅನುಭವದ ಬಳಿಕ ೨೦೨೩ರಲ್ಲಿ ತಜ್ಞರು ಮುಂದಿಟ್ಟ ಜಾಗತಿಕ ಲಕ್ಷಣವು ಕಿಗಾಲಿಯ ಮಾರ್ಪಾಡುಗಳನ್ನು ಬಹುಮಟ್ಟಿಗೆ ಅಂಗೀಕರಿಸಿದೆ. ಅದರ ಪ್ರಕಾರ ಆಕ್ಸಿಮೀಟರಿನ ಅಂಕೆಯು ೯೭ ಅಥವಾ ಅದಕ್ಕೆ ಕೆಳಗಿರುವಾಗ, ಅದನ್ನು ಸೇದುವ ಆಮ್ಲಜನಕದ ಅಂಶದಿಂದ ಭಾಗಿಸಿ ಬಂದುದು ೩೧೫ ಅಥವಾ ಅದಕ್ಕಿಂತ ಕಡಮೆಯಾದರೆ ಕೊರತೆಯ ಅಂಶವು ಸಿದ್ಧವಾಗುತ್ತದೆ. ಶೇಕಡ ೪೦ ಆಮ್ಲಜನಕದಲ್ಲಿ ಆಕ್ಸಿಮೀಟರು ೯೦ ತೋರಿಸಿದರೆ ಭಾಗಲಬ್ಧವು ೨೨೫. ಕಾಗದ ಪೆನ್ಸಿಲುಗಳಿಂದ ತಾಲ್ಲೂಕು ಆಸ್ಪತ್ರೆಯ ದಾದಿಯೂ ಮಾಡಬಹುದಾದ ಲೆಕ್ಕವಿದು.

ಕರ್ನಾಟಕದಲ್ಲಿ ೨೦೨೧ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಜನರು ಪರದಾಡಿದುದು ಎಲ್ಲರ ನೆನಪಿನಲ್ಲಿದೆ. ಆ ದಿನಗಳಲ್ಲಿ ಆಕ್ಸಿಮೀಟರು ಮನೆಮನೆಗೂ ಬಂದಿತು. ಬೋರಲು ಮಲಗುವುದು ಸಾಮಾನ್ಯರ ಮಾತಿಗೂ ಬಂದಿತು. ಆದರೆ ಶ್ವಾಸಕ್ಲೇಶವು ಕೋವಿಡ್ಡಿನೊಡನೆ ಬಂದು ಅದರೊಡನೆ ಹೋದುದಲ್ಲ. ಮಳೆಗಾಲದ ಇಲಿಜ್ವರ, ಡೆಂಗ್ಯೂಗಳಲ್ಲಿಯೂ ಹೆದ್ದಾರಿಯ ಅಪಘಾತಗಳಲ್ಲಿಯೂ ಅದು ಮುಂಚೆಯೂ ಇದ್ದಿತು, ಈಗಲೂ ಇದೆ. ಸಾವಿನ ಕಾರಣವನ್ನು ಬರೆಯುವಾಗ ಮೂಲರೋಗದ ಹೆಸರನ್ನಷ್ಟೇ ಬರೆದರೆ ನಡುವಣ ಈ ಹಂತವು ಮರೆಯಾಗುತ್ತದೆ. ಮರೆಯಾದುದಕ್ಕೆ ಟೇಪಾಗಲಿ ಪಳಗಿದ ಕೈಗಳಾಗಲಿ ಒದಗುವುದಿಲ್ಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಶ್ವಾಸಕ್ಲೇಶದ ಇತಿಹಾಸದಲ್ಲಿ ಫಲಕಾರಿಯಾದ ಮುಖ್ಯ ಕ್ರಮಗಳು, ಅಂದರೆ ಸಣ್ಣ ಉಸಿರು, ಬೋರಲು ಮಲಗಿಸುವಿಕೆ, ಮಿತವಾದ ದ್ರವ ಇವು, ದುಬಾರಿಯಾದುವಲ್ಲ. ಅವುಗಳಿಗೆ ಮೊದಲು ಬೇಕಾದುದು ಸ್ಥಿತಿಯನ್ನು ಗುರುತಿಸುವ ಅಭ್ಯಾಸ. ಅಭ್ಯಾಸಕ್ಕೆ ಬೇಕಾದುದು ಇದ್ದ ಸಾಧನಗಳಿಗೆ ಒಗ್ಗುವ ಲಕ್ಷಣ. ಅಂಥ ಲಕ್ಷಣವು ಈಗ ದೊರೆತಿದೆ. ಇನ್ನು ಅದನ್ನು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ದಿನಚರಿಗೆ ತರುವುದು ವೈದ್ಯರ ಮತ್ತು ಆಡಳಿತದ ಕೆಲಸ.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೂ ಒಂದುಂಟು. ಆಸ್ಪತ್ರೆಗಳ ಹಳೆಯ ರೋಗಿಪತ್ರಗಳು, ದಾಖಲಾತಿ ಪುಸ್ತಕಗಳು, ಮರಣದ ದಫ್ತರಗಳು ನಮ್ಮ ಜಿಲ್ಲೆಗಳ ಸಾಮಾಜಿಕ ಇತಿಹಾಸಕ್ಕೆ ಅಮೂಲ್ಯವಾದ ಆಧಾರಗಳು. ರೋಗಿಗಳ ಹೆಸರು ಬಯಲಾಗದಂತೆ ಎಚ್ಚರವಹಿಸಿ ಅವುಗಳನ್ನು ಸಂರಕ್ಷಿಸಿ ಓದಿದರೆ, ‘ಉಸಿರುಕಟ್ಟಿ ಸಾವು’ ಎಂದಷ್ಟೇ ಬರೆದಿರುವ ಸಾಲುಗಳ ಹಿಂದೆ ಯಾವ ರೋಗ, ಎಷ್ಟು ವಯಸ್ಸು, ಯಾವ ಮಾಸ, ಎಷ್ಟನೆಯ ದಿನ ಎಂಬುದು ತಿಳಿದೀತು. ಡೆನ್ವರಿನ ವೈದ್ಯರು ೧೯೬೭ರಲ್ಲಿ ಮಾಡಿದುದು ಮೂಲತಃ ಇದನ್ನೇ: ಬೇರೆಬೇರೆಯಾಗಿ ಬರೆದಿದ್ದ ಹನ್ನೆರಡು ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದರು. ನಮ್ಮ ಜಿಲ್ಲೆಗಳ ಪತ್ರಗಳನ್ನು ಹಾಗೆ ಓದುವ ಕಾರ್ಯಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮುಂದೆ ಬರುವುದು ಅಪೇಕ್ಷಣೀಯ.